ರಾತ್ರಿ ಪೂರ್ತಿ ಸಾಕಾಗಬೇಕು, ಬೆಳಗ್ಗೆ ಉಳಿಯಬಾರದು: ನಿಧಾನ ಬಿಡುಗಡೆಯ ನಿದ್ರೆ ಮಾತ್ರೆ

ನಿದ್ರಾಹೀನತೆಗೆ ವೈದ್ಯರು ಬರೆದುಕೊಡುವ ಜೋಲ್ಪಿಡೆಮ್ ಬೇಗ ಹತ್ತುತ್ತದೆ, ಅಷ್ಟೇ ಬೇಗ ಇಳಿಯುತ್ತದೆ. ರಕ್ತದಲ್ಲಿನ ಪ್ರಮಾಣ ಅರ್ಧಕ್ಕಿಳಿಯಲು ಸುಮಾರು 2.5 ಗಂಟೆ ಸಾಕು. ಮಲಗಿದೊಡನೆ ನಿದ್ದೆ ಬಾರದವರಿಗೆ ಇದು ಒಗ್ಗುತ್ತದೆ. ನಡುರಾತ್ರಿ ಎಚ್ಚರವಾಗಿ ಹೊರಳಾಡುವವರಿಗೆ ಸಾಲದು. ಇಂಥವರಿಗಾಗಿ ರೂಪುಗೊಂಡ ‘ಆಂಬಿಯೆನ್ ಸಿಆರ್’ ಎಂಬ ಜೋಲ್ಪಿಡೆಮ್‌ನ ನಿಧಾನ ಬಿಡುಗಡೆಯ ಮಾತ್ರೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲಿ ಅನುಮತಿ ನೀಡಿತು.

ಎರಡು ಪದರದ ರಚನೆ

ಈ ಮಾತ್ರೆಯಲ್ಲಿ ಎರಡು ಪದರಗಳಿವೆ. ಒಂದು ಪದರ ಹೊಟ್ಟೆ ಸೇರಿದ ಕೂಡಲೇ ಕರಗಿ ನಿದ್ದೆ ತರಿಸುತ್ತದೆ. ಇನ್ನೊಂದು ಉಳಿದ ಔಷಧವನ್ನು ಹಿಡಿದಿಟ್ಟು ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ.

ಹಿಡಿದಿಡುವ ಕೆಲಸ ಹೈಪ್ರೊಮೆಲ್ಲೋಸ್‌ನದು. ಇದು ಸಸ್ಯಗಳ ಸೆಲ್ಯುಲೋಸ್‌ನಿಂದ ತಯಾರಾಗುವ ಪುಡಿ. ನೀರು ತಗುಲಿದೊಡನೆ, ನೆನೆಹಾಕಿದ ಕಾಮಕಸ್ತೂರಿ ಬೀಜದ ಸುತ್ತ ಕಟ್ಟುವಂಥದೇ ಲೋಳೆ ಇದರ ಮೈಮೇಲೂ ಕಟ್ಟುತ್ತದೆ. ಔಷಧ ಆ ಲೋಳೆಯ ಮೂಲಕ ಜಿನುಗಬೇಕು, ಇಲ್ಲವೇ ಲೋಳೆಯೇ ಸವೆದಂತೆ ಹೊರಬರಬೇಕು. ಎಷ್ಟು ಹೈಪ್ರೊಮೆಲ್ಲೋಸ್ ಹಾಕಬೇಕು, ಎಷ್ಟು ಮಂದವಾಗಿ ಲೋಳೆ ಕಟ್ಟುವ ಬಗೆಯದನ್ನು ಆರಿಸಬೇಕು ಎಂಬುದರ ಮೇಲೆ ಬಿಡುಗಡೆಯ ವೇಗ ನಿಂತಿದೆ.

ಇಲ್ಲೊಂದು ತೊಡಕಿದೆ. ಜೋಲ್ಪಿಡೆಮ್ ದುರ್ಬಲ ಪ್ರತ್ಯಾಮ್ಲ. ಜಠರದ ಆಮ್ಲದಲ್ಲಿ ಸಲೀಸಾಗಿ ಕರಗುತ್ತದೆ. ಆಮ್ಲೀಯತೆ ಕಡಿಮೆಯಿರುವ ಕರುಳಿಗೆ ಇಳಿದಾಗ ಕರಗುವಿಕೆ ಕುಗ್ಗುತ್ತದೆ. ಹಾಗಾಗಿ ಮಾತ್ರೆಯೊಳಗೇ ಪೊಟ್ಯಾಸಿಯಂ ಬೈಟಾರ್ಟ್ರೇಟ್ ಎಂಬ ಆಮ್ಲೀಯ ಲವಣ ಸೇರಿಸುತ್ತಾರೆ. ಸುತ್ತಲಿನ ದ್ರವ ಹೇಗೇ ಇರಲಿ, ಲೋಳೆಯೊಳಗೆ ಒಂದಿಷ್ಟು ಹುಳಿ ಉಳಿಯುತ್ತದೆ. ಇಡೀ ಸೂತ್ರದಲ್ಲಿ ನನಗೆ ಅತ್ಯಂತ ಜಾಣತನದ್ದೆನಿಸುವುದು ಈ ಚಿಟಿಕೆ ಲವಣವೇ.

ಪ್ರಯೋಗಾಲಯದಲ್ಲಿ

ಬಿಡುಗಡೆಯ ವೇಗ ಅಂದುಕೊಂಡಂತಿದೆಯೇ ಎಂದು ನೋಡಲು 37 ಡಿಗ್ರಿ ಸೆಲ್ಸಿಯಸ್‌ನ ದ್ರವದಲ್ಲಿ ಮಾತ್ರೆಯಿಟ್ಟು, ಹಲವು ಹೊತ್ತಿಗೆ ಮಾದರಿ ತೆಗೆದು, ಆವರೆಗೆ ಎಷ್ಟು ಔಷಧ ಹೊರಬಂದಿದೆಯೆಂದು ಅಳೆಯುತ್ತಾರೆ.

ಬೆಳಗಿನ ಸಮಸ್ಯೆ

ಬಿಪಿ ಮಾತ್ರೆ ದಿನವಿಡೀ ಕೆಲಸ ಮಾಡಿದರೆ ಒಳ್ಳೆಯದೇ. ನಿದ್ರೆ ಮಾತ್ರೆ ಹಾಗಲ್ಲ, ಬೆಳಗಾಗುವಷ್ಟರಲ್ಲಿ ಇಳಿದಿರಬೇಕು. ನಿಧಾನಗೊಳಿಸುವುದಕ್ಕಿಂತ ಹೊತ್ತಿಗೆ ಸರಿಯಾಗಿ ನಿಲ್ಲಿಸುವುದೇ ಕಷ್ಟ. 12.5 ಮಿಲಿಗ್ರಾಂ ಮಾತ್ರೆ ನುಂಗಿ ಸುಮಾರು 8 ಗಂಟೆ ಕಳೆದ ಮೇಲೂ ಶೇ 33ರಷ್ಟು ಮಹಿಳೆಯರ, ಶೇ 25ರಷ್ಟು ಪುರುಷರ ರಕ್ತದಲ್ಲಿ ವಾಹನ ಚಾಲನೆಗೆ ಅಡ್ಡಿಯಾಗುವಷ್ಟು ಔಷಧ ಉಳಿದಿತ್ತೆಂದು 2013ರಲ್ಲಿ ಎಫ್‌ಡಿಎ ತಿಳಿಸಿತು. ಮಹಿಳೆಯರ ದೇಹದಿಂದ ಇದು ನಿಧಾನವಾಗಿ ಹೊರಹೋಗುತ್ತದೆ. ಅವರ ಡೋಸನ್ನು 6.25 ಮಿಲಿಗ್ರಾಂಗೆ ಇಳಿಸಲಾಯಿತು. ಸಿಆರ್ ಮಾತ್ರೆ ತೆಗೆದುಕೊಂಡವರು ಮರುದಿನ ವಾಹನ ಓಡಿಸಬಾರದೆಂಬ ಎಚ್ಚರಿಕೆಯೂ ಸೇರಿತು.

ಬಳಸುವವರಿಗೆ

ಭಾರತದಲ್ಲಿ ಜೋಲ್ಪಿಡೆಮ್ ಎಚ್1 ಪಟ್ಟಿಯಲ್ಲಿದೆ. ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಇದನ್ನು ಮದ್ಯದ ಜೊತೆ ಎಂದಿಗೂ ಸೇವಿಸಬೇಡಿ. ಊಟವಾದ ಕೂಡಲೇ ನುಂಗಿದರೆ ನಿದ್ದೆ ತಡವಾಗುತ್ತದೆ. ಅರ್ಧ ಸಾಕೆಂದು ಮಾತ್ರೆ ಮುರಿಯುವ, ನುಂಗಲಾಗದೆಂದು ಪುಡಿ ಮಾಡುವ ಅಭ್ಯಾಸ ಹಲವು ಮನೆಗಳಲ್ಲಿದೆ. ಹಾಗೆ ಮಾಡಿದರೆ ಲೋಳೆ ಕಟ್ಟುವ ಪದರ ಹಾಳಾಗಿ, ರಾತ್ರಿಗೆಲ್ಲ ಹಂಚಬೇಕಾದ ಔಷಧ ಒಮ್ಮೆಲೇ ರಕ್ತ ಸೇರಬಹುದು. ಸ್ಟ್ರಿಪ್ ಮೇಲೆ ‘ಸಿಆರ್’ ಎಂದಿದ್ದರೆ ದಯವಿಟ್ಟು ಮಾತ್ರೆಯನ್ನು ಇಡಿಯಾಗಿಯೇ ನುಂಗಿ. ಡೋಸ್ ಕಡಿಮೆ ಮಾಡಬೇಕೆನಿಸಿದರೆ ವೈದ್ಯರನ್ನು ಕೇಳಿ.