ಸೀಟಿನ ಚರಿತ್ರೆ

ಪಿಯುಸಿ ಪರೀಕ್ಷೆ ಮುಗಿಯುವ ಕಾಲ ಬಂತೆಂದರೆ ನಮ್ಮ ಶಾಲೆಗೆ ಹಳೆಯ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಬರತೊಡಗುತ್ತಾರೆ. ನಮ್ಮನ್ನು ನೋಡುವ ಪ್ರೀತಿಯಿಂದ ಬರುತ್ತಾರೆಂದು ಹೇಳಿಕೊಳ್ಳಲು ನನಗೂ ಆಸೆ. ಆದರೆ ಅವರು ಬರುವುದು ಒಂದು ಕಾಗದಕ್ಕಾಗಿ. ಅದರ ಹೆಸರು ವ್ಯಾಸಂಗ ಪ್ರಮಾಣಪತ್ರ. ಈ ವಿದ್ಯಾರ್ಥಿ ಒಂದನೆಯ ತರಗತಿಯಿಂದ ಹತ್ತನೆಯ ತರಗತಿಯವರೆಗೆ ಎಲ್ಲಿ ಓದಿದ್ದು, ಯಾವ ಮಾಧ್ಯಮದಲ್ಲಿ ಓದಿದ್ದು ಎಂಬುದನ್ನು ಅಡ್ಮಿಷನ್ ರಿಜಿಸ್ಟರ್ ನೋಡಿ ಬರೆದು, ಮುಖ್ಯೋಪಾಧ್ಯಾಯರು ಸಹಿ ಮಾಡಿ ಮೊಹರು ಒತ್ತಬೇಕು. ಆಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಆಗಬೇಕು. ಹತ್ತು ವರ್ಷವೂ ಹಳ್ಳಿಯಲ್ಲಿ ಓದಿದವರಿಗೆ ಸಿಇಟಿ ಸೀಟುಗಳಲ್ಲಿ ನೂರಕ್ಕೆ 15, ಹತ್ತು ವರ್ಷವೂ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನೂರಕ್ಕೆ 5 ಮೀಸಲಿದೆ.

2010ರಲ್ಲಿ ನಮ್ಮ ಮುಖ್ಯೋಪಾಧ್ಯಾಯರು ನಿವೃತ್ತರಾಗಿ, ಕೆಲವು ತಿಂಗಳು ಆ ಮೊಹರು ನನ್ನ ಕೈಯಲ್ಲಿತ್ತು. ನಮ್ಮದು ಒಂದರಿಂದ ಹತ್ತರವರೆಗೂ ಒಂದೇ ಆವರಣದಲ್ಲಿರುವ ಹಳ್ಳಿಯ ಶಾಲೆ. ಒಂದು ಸಂಜೆ ಅಡಿಕೆ ಸುಲಿಯುವ ಕೆಲಸ ಮುಗಿಸಿ ಕರೆಗಟ್ಟಿದ ಬೆರಳುಗಳಲ್ಲೇ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದರು. ಹುಡುಗಿ ನನ್ನ ಕೈಯಲ್ಲೇ ಸಮಾಜ ವಿಜ್ಞಾನ ಕಲಿತವಳು, ಲೆಕ್ಕದಲ್ಲಿ ಬಲು ಚುರುಕು. ಇಂಜಿನಿಯರಿಂಗ್ ಓದಬೇಕೆಂಬ ಆಸೆ. ನಾನು ಸಂತೋಷದಿಂದಲೇ ರಿಜಿಸ್ಟರ್ ತೆಗೆದೆ. ನಾಲ್ಕನೆಯ ತರಗತಿ ಮುಗಿಸಿ ಅವಳು ವರ್ಗಾವಣೆ ಪತ್ರ ಪಡೆದು ಹೋಗಿದ್ದಳು. ಆರನೆಯ ತರಗತಿಗೆ ಮತ್ತೆ ಸೇರಿದ್ದಳು. ನಡುವಿನ ಒಂದು ವರ್ಷ, ತಾಯಿ ಹಾಸಿಗೆ ಹಿಡಿದಿದ್ದಾಗ, ಮಗು ಪೇಟೆಯಲ್ಲಿದ್ದ ಅಜ್ಜಿಯ ಮನೆಯಲ್ಲಿದ್ದುಕೊಂಡು ಅಲ್ಲಿಯ ಶಾಲೆಗೆ ಹೋಗಿತ್ತು.

ಹತ್ತು ವರ್ಷಕ್ಕೆ ಒಂದು ವರ್ಷ ಕಡಿಮೆ. ಗ್ರಾಮೀಣ ಮೀಸಲಾತಿ ಕೈತಪ್ಪಿತು.

"ಒಂದೇ ಒಂದು ವರ್ಷ ಅಲ್ವಾ ಟೀಚರೇ," ಎಂದರು ತಾಯಿ. "ಎಲ್ಲಾ ಇಲ್ಲೇ ಓದಿದ್ದು ಅಂತ ಬರೆದುಬಿಡಿ. ನೀವು ಬರೆದ್ರೆ ಯಾರು ಬಂದು ಕೇಳ್ತಾರೆ?"

ಯಾರೂ ಬಂದು ಕೇಳುವುದಿಲ್ಲವೆಂಬುದು ನನಗೂ ಗೊತ್ತಿತ್ತು. "ನಾಳೆ ಬನ್ನಿ ಅಮ್ಮಾ, ನೋಡೋಣ" ಎಂದು ಕಳಿಸಿದೆ. ಆ ರಾತ್ರಿ ನಿದ್ರೆ ಬರಲಿಲ್ಲ. ಚರಿತ್ರೆ ಪಾಠ ಮಾಡುವವರಿಗೆ ಒಂದು ದುರಭ್ಯಾಸವಿರುತ್ತದೆ, ಕಷ್ಟ ಎದುರಾದಾಗ ಇದು ಎಲ್ಲಿಂದ ಶುರುವಾಯಿತು ಎಂದು ಹಿಂದಕ್ಕೆ ಹೋಗುವುದು. ಸೀಟು ಎಂಬ ಈ ಎರಡಕ್ಷರಕ್ಕೂ ಒಂದು ಚರಿತ್ರೆಯಿದೆ.

ಸ್ವಾತಂತ್ರ್ಯ ಬಂದ ಹೊಸದರಲ್ಲಿ ನಮ್ಮ ದಕ್ಷಿಣ ಕನ್ನಡ, ಬಳ್ಳಾರಿ ಜಿಲ್ಲೆಗಳು ಮದರಾಸು ಪ್ರಾಂತಕ್ಕೆ ಸೇರಿದ್ದವು. ಅಲ್ಲಿ ವೈದ್ಯಕೀಯ, ಇಂಜಿನಿಯರಿಂಗ್ ಸೀಟುಗಳನ್ನು ಹದಿನಾಲ್ಕರ ಗುಂಪು ಮಾಡಿ ಹಂಚುತ್ತಿದ್ದರು. ಬ್ರಾಹ್ಮಣೇತರ ಹಿಂದೂಗಳಿಗೆ 6, ಹಿಂದುಳಿದ ಹಿಂದೂಗಳಿಗೆ 2, ಬ್ರಾಹ್ಮಣರಿಗೆ 2, ಪರಿಶಿಷ್ಟ ಜಾತಿಯವರಿಗೆ 2, ಕ್ರೈಸ್ತರಿಗೂ ಆಂಗ್ಲೋ ಇಂಡಿಯನ್ನರಿಗೂ ಸೇರಿ 1, ಮುಸ್ಲಿಮರಿಗೆ 1. ಚಂಪಕಂ ದೊರೈರಾಜನ್ ಎಂಬ ಮಹಿಳೆ ಇದನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋದರು. ಸ್ವಾರಸ್ಯವೆಂದರೆ ಆಕೆ ವೈದ್ಯಕೀಯ ಕಾಲೇಜಿಗೆ ಅರ್ಜಿಯನ್ನೇ ಹಾಕಿರಲಿಲ್ಲ. ವಿಚಾರಿಸಿದಾಗ ಸಿಗುವುದಿಲ್ಲವೆಂದು ತಿಳಿದಿತ್ತು, ಅಷ್ಟೆ. 1951ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಆ ಹಂಚಿಕೆಯನ್ನು ರದ್ದು ಮಾಡಿತು. ಎರಡೇ ತಿಂಗಳಲ್ಲಿ ಸಂವಿಧಾನಕ್ಕೆ ಮೊದಲ ತಿದ್ದುಪಡಿ ಬಂತು. ಹಿಂದುಳಿದ ವರ್ಗಗಳಿಗೂ ಪರಿಶಿಷ್ಟರಿಗೂ ವಿಶೇಷ ಅವಕಾಶ ಕಲ್ಪಿಸಬಹುದೆಂಬ 15(4)ನೆಯ ವಿಧಿ ಸೇರಿತು. ತಲೆತಲಾಂತರದಿಂದ ಬಾಗಿಲ ಹೊರಗೇ ನಿಂತವರಿಗೆ ಬಾಗಿಲು ತೆರೆಯಲು ಅದು ಬೇಕೇ ಇತ್ತು.

ಮುಂದಿನ ಜಗಳ ನಮ್ಮ ಮೈಸೂರು ರಾಜ್ಯದ್ದೇ. ನಾಗನಗೌಡ ಸಮಿತಿಯ ವರದಿಯ ನಂತರ, 1962ರ ಜುಲೈನಲ್ಲಿ ಸರಕಾರ ವೃತ್ತಿಶಿಕ್ಷಣದ ಸೀಟುಗಳಲ್ಲಿ ನೂರಕ್ಕೆ 68ನ್ನು ಮೀಸಲಿಟ್ಟಿತು. ಹಿಂದುಳಿದವರಿಗೆ 28, ಹೆಚ್ಚು ಹಿಂದುಳಿದವರಿಗೆ 22, ಪರಿಶಿಷ್ಟ ಜಾತಿಗೆ 15, ಪರಿಶಿಷ್ಟ ಪಂಗಡಕ್ಕೆ 3. ಅದೇ ಸೆಪ್ಟೆಂಬರ್‌ನಲ್ಲಿ ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಮೀಸಲಾತಿ ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆಯಿರಬೇಕು ಎಂದಿತು. ಇಂದಿಗೂ ದೇಶವೆಲ್ಲ ಮಾತಾಡುವ ಆ ಶೇಕಡಾ 50ರ ಗೆರೆ ಎಳೆಯಲ್ಪಟ್ಟದ್ದು ನಮ್ಮ ಮೈಸೂರಿನ ಸೀಟುಗಳ ಮೇಲೆ. ಮರುವರ್ಷ ಸರಕಾರ ಜಾತಿಯನ್ನು ಬಿಟ್ಟು, ವರ್ಷಕ್ಕೆ 1,200 ರೂಪಾಯಿಯೊಳಗಿನ ಆದಾಯ ಹಾಗೂ ಬೇಸಾಯ, ಕೈಕಸುಬು, ಕೂಲಿಯಂಥ ಉದ್ಯೋಗಗಳಿಂದ ಹಿಂದುಳಿದವರನ್ನು ಗುರುತಿಸಲು ಹೊರಟಿತು. ಜೊತೆಗೆ ಸಂದರ್ಶನವೊಂದನ್ನೂ ಇಟ್ಟು, ಅದಕ್ಕೆ ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ನೂರಕ್ಕೆ 25ರಷ್ಟು ಅಂಕ ಕೊಟ್ಟಿತು. 1964ರಲ್ಲಿ ಚಿತ್ರಲೇಖಾ ಎಂಬ ಹೆಸರಿನ ಪ್ರಕರಣದಲ್ಲಿ ಆ ಸಂದರ್ಶನವನ್ನು ಕೋರ್ಟು ಒಪ್ಪಿತು. ಹಳ್ಳಿಯಿಂದ ಮೊದಲ ಸಲ ಬಸ್ಸು ಹತ್ತಿ ಬಂದ ಒಬ್ಬ ಹುಡುಗಿ ನಾಲ್ಕಾರು ಮಂದಿ ಸೂಟು ಹಾಕಿದವರ ಮುಂದೆ ಕುಳಿತು ತನ್ನ 'ವ್ಯಕ್ತಿತ್ವ'ಕ್ಕೆ ಎಷ್ಟು ಅಂಕ ಪಡೆದಾಳೆಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಈ ನಡುವೆ ಇನ್ನೊಂದು ದಾರಿ ತೆರೆದುಕೊಂಡಿತ್ತು. 1953ರಲ್ಲಿ ಡಾ. ಟಿ.ಎಂ.ಎ. ಪೈಗಳು ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಆರಂಭಿಸಿದರು. ಸರಕಾರದ ಬಳಿ ಕಾಲೇಜು ಕಟ್ಟಲು ಹಣವಿಲ್ಲದ ಕಾಲದಲ್ಲಿ, ಓದುವವರ ಹಣದಿಂದಲೇ ಕಾಲೇಜು ನಡೆಸಬಹುದೆಂದು ಅದು ತೋರಿಸಿತು. ಅಲ್ಲಿಂದ ಸಾವಿರಾರು ವೈದ್ಯರು ಹೊರಬಂದರು, ಅದನ್ನು ಮರೆಯಬಾರದು. ಆದರೆ ನಂತರ ರಾಜ್ಯದ ತುಂಬ ಖಾಸಗಿ ಕಾಲೇಜುಗಳೆದ್ದಾಗ 'ಡೊನೇಷನ್' ಎಂಬ ಮಾತು ಕನ್ನಡದ್ದೇ ಮಾತೆಂಬಂತೆ ಅಡುಗೆಮನೆಗಳವರೆಗೂ ಬಂತು. ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸಿ 1984ರಲ್ಲಿ ಕರ್ನಾಟಕ ಸರಕಾರ ಕಾಯಿದೆ ತಂದಿತು. ಕಾಯಿದೆ ಬಂತು, ಮಾತು ಹೋಗಲಿಲ್ಲ.

ಹೋಗಲಿಲ್ಲವೆಂದು ನಾನು ಹೇಗೆ ಬಲ್ಲೆ ಎಂದರೆ, ಆ ಮಾತನ್ನು 1986ರಲ್ಲಿ ನಮ್ಮ ಮನೆಯ ಜಗಲಿಯ ಮೇಲೆ ನಾನೇ ಕೇಳಿದ್ದೇನೆ. ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡಿದ್ದೆ. ಡಾಕ್ಟರಾಗಬೇಕೆಂಬ ಹುಚ್ಚು. ಪ್ರಥಮ ದರ್ಜೆ ಬಂದಿತ್ತು, ಆದರೆ ಸರಕಾರಿ ಸೀಟಿನ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ದೂರದ ನಂಟರೊಬ್ಬರು ಬಂದು ದನಿ ತಗ್ಗಿಸಿ ಒಂದು ಕಾಲೇಜಿನ ಸುದ್ದಿ ಹೇಳಿದರು. ಅವರು ಹೇಳಿದ ಮೊತ್ತ ನಮ್ಮ ಅರ್ಧ ತೋಟದ ಬೆಲೆಗೆ ಸಮ. ಅಪ್ಪ ಏನೂ ಮಾತಾಡಲಿಲ್ಲ. ಒಳಗೆ ಬಂದು ಅಮ್ಮ ಹೇಳಿದರು: "ಹೆಣ್ಣುಮಗೂಗೆ ಎರಡು ಸಲ ದುಡ್ಡು ಹೊಂದಿಸ್ಬೇಕಾಗುತ್ತೆ ಕಣೇ. ಓದಿಗೊಂದ್ಸಲ, ಮದುವೆಗೊಂದ್ಸಲ." ನಾನು ಬಿ.ಎ. ಸೇರಿದೆ. ಮೂರು ವರ್ಷದ ನಂತರ ತಮ್ಮನ ಇಂಜಿನಿಯರಿಂಗ್ ಸೀಟಿಗೆ ಆ ತೋಟದ ಒಂದು ಭಾಗ ಹೋಯಿತು.

ಅಪ್ಪ ಕೆಟ್ಟವರಾಗಿರಲಿಲ್ಲ. ಹಣ ಒಂದೇ ಸಲಕ್ಕೆ ಸಾಕಾಗುವಷ್ಟಿದ್ದಾಗ ಅದು ಯಾರ ಕಡೆಗೆ ಹರಿಯುತ್ತದೆಂಬುದು ನಮ್ಮ ಮನೆಯೊಂದರ ಕಥೆಯಲ್ಲ, ಓದುತ್ತಿರುವ ನಿಮ್ಮಲ್ಲಿ ಅನೇಕರಿಗೆ ಗೊತ್ತಿರುವ ಕಥೆ. ಸೀಟಿಗೊಂದು ಬೆಲೆಯಿದ್ದರೆ, ಮನೆಯೊಳಗೆ ಮೊದಲು ಸೋಲುವವಳು ಮಗಳು.

ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ಹೊಸತು, 1992ರ ಜುಲೈ ಕೊನೆ. ಸ್ಟಾಫ್ ರೂಮಿನಲ್ಲಿ ಪತ್ರಿಕೆ ಓದುತ್ತಿದ್ದವಳು ಒಂದು ಸುದ್ದಿಗೆ ನಿಂತೆ. ಉತ್ತರ ಪ್ರದೇಶದ ಮೀರತ್‌ನ ಮೋಹಿನಿ ಜೈನ್ ಎಂಬ ಹುಡುಗಿ ನಮ್ಮ ತುಮಕೂರಿನ ಖಾಸಗಿ ವೈದ್ಯಕೀಯ ಕಾಲೇಜೊಂದಕ್ಕೆ ಅರ್ಜಿ ಹಾಕಿದ್ದಳು. ಆಗ ಸರಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಇತರ ವಿದ್ಯಾರ್ಥಿಗಳಿಗೆ 25,000, ಹೊರ ರಾಜ್ಯದವರಿಗೆ 60,000 ಎಂದು ಸರಕಾರವೇ ಗೊತ್ತುಮಾಡಿತ್ತು. ಅಷ್ಟು ಕೊಡಲು ತಮ್ಮಿಂದಾಗದೆಂದು ಅವಳ ತಂದೆ ತಿಳಿಸಿದರು, ಸೀಟು ಸಿಗಲಿಲ್ಲ. ಅವಳು ಸುಪ್ರೀಂ ಕೋರ್ಟಿಗೆ ಹೋದಳು. ಶಿಕ್ಷಣ ಪಡೆಯುವುದು ಹಕ್ಕು, ಅದನ್ನು ಮಾರುವುದು ಕಾನೂನಿಗೆ ವಿರುದ್ಧ ಎಂದು ನ್ಯಾಯಾಧೀಶರು ತೀರ್ಪಿತ್ತರು. ಚಂಪಕಂ, ಚಿತ್ರಲೇಖಾ, ಮೋಹಿನಿ. ಸೀಟಿನ ಚರಿತ್ರೆಯ ಮೂರು ದೊಡ್ಡ ಪ್ರಕರಣಗಳಿಗೆ ಹೆಣ್ಣಿನ ಹೆಸರು! ನಾನು ಆ ಪತ್ರಿಕೆಯ ತುಂಡನ್ನು ಬಹಳ ದಿನ ಪಾಠದ ಪುಸ್ತಕದೊಳಗೆ ಇಟ್ಟುಕೊಂಡಿದ್ದೆ.

1993ರ ಫೆಬ್ರವರಿಯಲ್ಲಿ ಉನ್ನಿಕೃಷ್ಣನ್ ಪ್ರಕರಣದ ತೀರ್ಪು ಬಂತು. ಖಾಸಗಿ ಕಾಲೇಜುಗಳಲ್ಲೂ ಅರ್ಧ ಸೀಟು ಉಚಿತ, ಅರ್ಧ ಶುಲ್ಕದ್ದು. ಎರಡನ್ನೂ ಪ್ರತಿಭೆಯ ಆಧಾರದಲ್ಲೇ ತುಂಬಬೇಕು ಎಂದಾಯಿತು. ಇದರ ಬೆನ್ನಿಗೆ 1994ರಲ್ಲಿ ಕರ್ನಾಟಕದಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ, ಎಂದರೆ ಸಿಇಟಿ, ಶುರುವಾಯಿತು. ರಾಜ್ಯಕ್ಕೆಲ್ಲ ಒಂದು ಪ್ರಶ್ನೆಪತ್ರಿಕೆ, ಒಂದು ರ‍್ಯಾಂಕ್ ಪಟ್ಟಿ. ಕೌನ್ಸೆಲಿಂಗ್ ಹಾಲಿನಲ್ಲಿ ಯಾವ ಕಾಲೇಜಿನಲ್ಲಿ ಎಷ್ಟು ಸೀಟು ಉಳಿದಿದೆಯೆಂದು ಪರದೆಯ ಮೇಲೆ ಕಾಣುತ್ತಿತ್ತು. ಹೆಸರು ಕೂಗಿದಾಗ ಎದ್ದು ಹೋಗಿ ಬೇಕಾದ್ದನ್ನು ಆರಿಸಿಕೊಳ್ಳಬೇಕು. ಪರೀಕ್ಷೆ ಬುದ್ಧಿಯನ್ನೆಲ್ಲ ಅಳೆಯಿತೆಂದು ನಾನು ಹೇಳಲಾರೆ. 80 ನಿಮಿಷದಲ್ಲಿ 60 ಪ್ರಶ್ನೆಗೆ ಗುರುತು ಹಾಕುವುದರಲ್ಲಿ ಅಂಥ ದೊಡ್ಡಸ್ತಿಕೆಯೇನೂ ಇಲ್ಲ. ಆದರೆ ಜಗಲಿಯ ಮೇಲೆ ಪಿಸುಮಾತಿನಲ್ಲಿ ನಡೆಯುತ್ತಿದ್ದ ವ್ಯವಹಾರ ಎಲ್ಲರ ಕಣ್ಣೆದುರಿಗೆ ಬಂತು. ಮಗಳ ರ‍್ಯಾಂಕ್ ಮುಂದಿದ್ದರೆ, ಅಪ್ಪ ತೋಟ ಮಾರಬೇಕೋ ಬೇಡವೋ ಎಂಬ ಪ್ರಶ್ನೆಯೇ ಏಳುವುದಿಲ್ಲ. ನನ್ನ ವಿದ್ಯಾರ್ಥಿನಿಯರು ಒಬ್ಬೊಬ್ಬರಾಗಿ ಇಂಜಿನಿಯರಿಂಗ್ ಕಾಲೇಜಿಗೆ ಹೋಗಲು ತೊಡಗಿದ್ದು ಆಮೇಲೆಯೇ.

ಆ ರಾತ್ರಿ ಇದೆಲ್ಲ ನೆನಪಾಗಿ, ಬೆಳಗಿನ ಜಾವದ ಹೊತ್ತಿಗೆ ನನಗೆ ಒಂದು ಸಂಗತಿ ಸ್ಪಷ್ಟವಾಯಿತು. ನಾನು ಸುಳ್ಳು ಬರೆದರೆ ಹೋಗುವುದು ಸರಕಾರದ ಸೀಟಲ್ಲ. ಇನ್ನೆಲ್ಲೋ ಒಂದು ಊರಿನಲ್ಲಿ ಹತ್ತು ವರ್ಷವೂ ಕೆಸರಿನ ದಾರಿಯಲ್ಲಿ ನಡೆದು ಶಾಲೆಗೆ ಹೋದ ಇನ್ನೊಬ್ಬ ಹುಡುಗಿಯ ಸೀಟು ಅದು. ಅವಳಿಗೆ ಎಂದೂ ಗೊತ್ತಾಗುವುದಿಲ್ಲ. 1986ರಲ್ಲಿ ನನ್ನ ಹೆಸರು ಪಟ್ಟಿಯಲ್ಲಿ ಇಲ್ಲದೆ ಹೋದದ್ದು ಏಕೆಂದು ನನಗೆ ಗೊತ್ತಾಗದ ಹಾಗೆ.

ಮರುದಿನ ತಾಯಿಗೆ ಹೇಳಿದೆ. ಆಕೆ ವಾದ ಮಾಡಲಿಲ್ಲ. "ನಂಗೆ ಕಾಯಿಲೆ ಬಂದಿದ್ದು ಮಗಳ ತಪ್ಪಾ ಟೀಚರೇ?" ಎಂದಷ್ಟೇ ಕೇಳಿದರು. ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಕಾಯಿದೆ ಬರೆದವರು ಹತ್ತು ವರ್ಷವೆಂದು ಬರೆಯುವಾಗ ಹಾಸಿಗೆ ಹಿಡಿದ ತಾಯಂದಿರನ್ನು ನೆನೆದಿರಲಿಲ್ಲ.

ನನ್ನಿಂದಾದದ್ದು ಇಷ್ಟು. ಪೇಟೆಯ ಆ ಶಾಲೆಯೂ ಕನ್ನಡ ಮಾಧ್ಯಮದ್ದೇ ಆಗಿತ್ತು. ಅಂದೇ ಅರ್ಧ ದಿನದ ರಜೆ ಹಾಕಿ ಹುಡುಗಿಯನ್ನು ಕರೆದುಕೊಂಡು ಹೋಗಿ, ಅಲ್ಲಿಯ ಹಳೆಯ ರಿಜಿಸ್ಟರ್ ಹುಡುಕಿಸಿ ಐದನೆಯ ತರಗತಿಯ ಪ್ರಮಾಣಪತ್ರ ಬರೆಸಿದೆ. ಉಳಿದ ಒಂಬತ್ತು ವರ್ಷಕ್ಕೆ ನಾನು ಬರೆದೆ. ಮೇಲುರುಜಿಗಾಗಿ ಕಚೇರಿಯ ಮುಂದೆ ಇಬ್ಬರೂ ಮಧ್ಯಾಹ್ನವೆಲ್ಲ ಕಾದೆವು. ಕನ್ನಡ ಮಾಧ್ಯಮದ ಮೀಸಲಾತಿಯಲ್ಲಿ ಅವಳಿಗೆ ಸೀಟು ಸಿಕ್ಕಿತು. ಬಯಸಿದ್ದ ಸರಕಾರಿ ಕಾಲೇಜಲ್ಲ, ಖಾಸಗಿ ಕಾಲೇಜಿನಲ್ಲಿ ಸರಕಾರಿ ಕೋಟಾದ ಸೀಟು. ಶುಲ್ಕ ಹೆಚ್ಚು, ಬ್ಯಾಂಕಿನಲ್ಲಿ ಸಾಲ ಮಾಡಿದರು. ಗ್ರಾಮೀಣ ಪ್ರಮಾಣಪತ್ರವೂ ಇದ್ದಿದ್ದರೆ ಸಾಲವೇ ಬೇಕಿರಲಿಲ್ಲವೇನೋ.

ಆಮೇಲೂ ಸೀಟಿನ ಚರಿತ್ರೆ ಹೊರಳುತ್ತಲೇ ಇದೆ. ಉನ್ನಿಕೃಷ್ಣನ್ ಯೋಜನೆಯನ್ನು 2002ರಲ್ಲೇ ಸುಪ್ರೀಂ ಕೋರ್ಟಿನ ದೊಡ್ಡ ಪೀಠ ಬದಿಗಿಟ್ಟಿತ್ತು. ಅಂದಿನಿಂದ ಖಾಸಗಿ ಕಾಲೇಜುಗಳ ಸೀಟು ಸರಕಾರಕ್ಕೆಷ್ಟು, ಆಡಳಿತ ಮಂಡಳಿಗೆಷ್ಟು ಎಂಬ ಹಗ್ಗಜಗ್ಗಾಟ ನಡೆದೇ ಇದೆ. ವೈದ್ಯಕೀಯಕ್ಕೆ 2013ರಲ್ಲಿ ಬಂದು ರದ್ದಾದ ನೀಟ್ 2016ರಲ್ಲಿ ಮರಳಿ ಬಂತು. 2017ರಿಂದ ಅದರ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ. ಆದರೆ ವಿಜ್ಞಾನದ ಪಿಯುಸಿಯನ್ನು ಇಂಗ್ಲಿಷಿನಲ್ಲಿ ಓದಿದ ಮಕ್ಕಳು ಕನ್ನಡದ ಪತ್ರಿಕೆಯನ್ನು ಎಷ್ಟರಮಟ್ಟಿಗೆ ಬಳಸಿಯಾರು? ಇಂಜಿನಿಯರಿಂಗಿಗೆ ಸಿಇಟಿಯೇ ಇದೆ. ಕೌನ್ಸೆಲಿಂಗ್ ಹಾಲು ಹೋಗಿ, ಮನೆಯಲ್ಲೇ ಕುಳಿತು ಆಪ್ಷನ್ ಎಂಟ್ರಿ ಮಾಡುವ ಕಾಲ ಬಂದಿದೆ. ಡೊನೇಷನ್ನಿನ ಮಾತು ಸ್ವಲ್ಪ ತಗ್ಗಿದ ಜಾಗದಲ್ಲಿ ಕೋಚಿಂಗ್ ಎಂಬ ಮಾತು ಬಂದು ಕುಳಿತಿದೆ. ಮಗನನ್ನು ದೂರದ ಹಾಸ್ಟೆಲಿಗೆ ಕಳಿಸಿ ಲಕ್ಷ ಕೊಡುವ ಮನೆಯವರು ಮಗಳಿಗೆ "ಇಲ್ಲೇ ಹತ್ತಿರದ ಕಾಲೇಜು ಸಾಕು" ಎನ್ನುವುದನ್ನು ನಾನು ಈಗಲೂ ಪೋಷಕರ ಸಭೆಗಳಲ್ಲಿ ಕೇಳುತ್ತೇನೆ. ಆಗೆಲ್ಲ ಅವರಿಗೆ ನಮ್ಮ ತೋಟದ ಕಥೆ ಹೇಳುತ್ತೇನೆ. ಕೆಲವರು ಕೇಳಿಸಿಕೊಳ್ಳುತ್ತಾರೆ.

ಆ ಹುಡುಗಿ ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಸಾಲ ತೀರಿತೆಂದು ಒಮ್ಮೆ ಫೋನು ಮಾಡಿ ಹೇಳಿದ್ದಳು. ಅವಳ ತಾಯಿ ಮಾತ್ರ ಸಂತೆಯಲ್ಲಿ ನಾನು ಎದುರಾದರೆ ಸೊಪ್ಪಿನ ಕಟ್ಟು ನೋಡುವ ಹಾಗೆ ಮುಖ ಆಚೆ ತಿರುಗಿಸುತ್ತಾರೆ. ನಾನೂ ಮಾತಾಡಿಸಲು ಹೋಗುವುದಿಲ್ಲ. ಆಕೆ ಕೇಳಿದ ಪ್ರಶ್ನೆಗೆ ನಾನಿನ್ನೂ ಉತ್ತರ ಕೊಟ್ಟಿಲ್ಲವಲ್ಲ.