ಸೈಕಲ್ಲಿನ ಮುಂಗವಲು: ಕಾಗಿಣಾ ಬಯಲಿನ ರಸ್ತೆಗಳನ್ನು ಕುರಿತು ಒಂದು ವಿಚಾರ

ಸೈಕಲ್ಲಿನ ಇತಿಹಾಸವನ್ನು ಹೇಳುವಾಗ ಗಾಲಿ, ಸರಪಳಿ, ಟೈರುಗಳಿಗೆ ಸಲ್ಲುವ ಗಮನವು ಮುಂಗವಲಿಗೆ, ಎಂದರೆ ಅಂಗಡಿಗಳಲ್ಲಿ ಫೋರ್ಕ್ ಎಂದು ಕರೆಯುವ ಭಾಗಕ್ಕೆ, ಸಾಮಾನ್ಯವಾಗಿ ಸಲ್ಲುವುದಿಲ್ಲ. ಆದರೆ ವಾಹನವು ಸವಾರನ ಕೈಗೆ ಅಧೀನವಾಗಿರುವುದು ಬಹುಮಟ್ಟಿಗೆ ಇದರ ಆಕಾರದಿಂದಲೇ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳ ಕಪ್ಪು ಮಣ್ಣಿನ ಬಯಲಿನಲ್ಲಿಯೂ ಚಿಂಚೋಳಿಯ ಗುಡ್ಡಗಳಲ್ಲಿಯೂ ಬಹುಕಾಲ ಓಡಾಡಿದ ಕಪ್ಪು ಬಣ್ಣದ ಎತ್ತರದ ಸೈಕಲ್ಲನ್ನು ನೋಡಿದವರಿಗೆ ಅದರ ಫೋರ್ಕಿನ ತುದಿಯು ಉದ್ದವಾಗಿ ಮುಂದಕ್ಕೆ ಬಾಗಿರುವುದು ನೆನಪಿರಬಹುದು. ಪಂದ್ಯದ ಸೈಕಲ್ಲಿನಲ್ಲಿ ಈ ಬಾಗು ಅಲ್ಪ. ಫೋರ್ಕೂ ಹೆಚ್ಚು ನೆಟ್ಟಗೆ. ಈ ಭೇದಕ್ಕೆ ಕಾರಣವೇನೆಂಬುದನ್ನು ನಾವು ಇಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ನಿರ್ಮಿಸಿದ, ಕಾಲಿನಿಂದ ನೆಲವನ್ನು ಒದೆದು ನಡೆಸುವ ದ್ವಿಚಕ್ರದಲ್ಲಿಯೇ ಮುಂಗಾಲಿಯನ್ನು ತಿರುಗಿಸಬಹುದಾಗಿತ್ತು. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿಯ ರೋವರ್ ಬಂದಮೇಲೆ, ಓರೆಯಾದ ಫೋರ್ಕು, ಸಮಾನಪ್ರಾಯವಾದ ಎರಡು ಗಾಲಿಗಳು, ಹಿಂಗಾಲಿಗೆ ಸರಪಳಿ ಎಂಬ ರೂಪವು ನೆಲೆಗೊಂಡಿತು. ಡಾಂಬರು ಅಪರೂಪವಾಗಿದ್ದ ಕಾಲವದು. ಉದ್ದವಾದ ಬಾಗಿದ ಉಕ್ಕಿನ ಫೋರ್ಕು ಸ್ವಲ್ಪಮಟ್ಟಿಗೆ ಸ್ಪ್ರಿಂಗಿನಂತೆ ಬಳುಕಿ ಹಳ್ಳದಿಣ್ಣೆಗಳ ಪೆಟ್ಟನ್ನು ತಾನು ಹೀರಿಕೊಳ್ಳುತ್ತಿತ್ತು. ರಸ್ತೆಗಳು ನುಣುಪಾದಂತೆ ಯೂರೋಪಿನಲ್ಲಿ ಹಗುರವಾದ, ನೆಟ್ಟನೆಯ ಸೈಕಲ್ಲುಗಳು ಬೆಳೆದುವು. ನಮ್ಮಲ್ಲಿಯಾದರೋ 1949ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಟಿ.ಐ. ಸೈಕಲ್ಸ್, 1951ರ ಅಟ್ಲಾಸ್, 1956ರ ಹೀರೋ ಮೊದಲಾದ ಕಾರ್ಖಾನೆಗಳು ಹಳೆಯ ಇಂಗ್ಲಿಷ್ ಮಾದರಿಯನ್ನೇ ಲಕ್ಷಾಂತರವಾಗಿ ತಯಾರಿಸಿದುವು. ಇದನ್ನು ಕೇವಲ ಅನುಕರಣವೆನ್ನುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಮಳೆಗಾಲದಲ್ಲಿ ಎರೆಮಣ್ಣು ಮಡ್ಗಾರ್ಡಿಗೆ ಮೆತ್ತಿಕೊಳ್ಳುವ, ಸುಣ್ಣಕಲ್ಲಿನ ಲಾರಿಗಳು ಹೊಂಡ ತೋಡುವ ದಾರಿಯಲ್ಲಿ ತೊಗರಿಯ ಚೀಲವನ್ನು ಹೇರಿಕೊಂಡು ಹೋಗುವವನಿಗೆ ಆ ಮಾದರಿಯೇ ತಕ್ಕುದಾಗಿತ್ತು.

ಬಾಗು ಹೆಚ್ಚಿದಷ್ಟೂ ಸೈಕಲ್ಲು ಸ್ಥಿರವಾಗಿರುವುದೆಂಬ ನಂಬಿಕೆಯೊಂದುಂಟು. ಇದು ತಲೆಕೆಳಗಾದ ಮಾತು. ಹ್ಯಾಂಡಲ್ಲು ತಿರುಗುವ ಅಕ್ಷವನ್ನು ನೆಲದವರೆಗೆ ಎಳೆದರೆ, ಗಾಲಿಯು ನೆಲವನ್ನು ಮುಟ್ಟುವ ಬಿಂದು ಆ ರೇಖೆಯ ತುದಿಗಿಂತ ಸ್ವಲ್ಪ ಹಿಂದಿರುತ್ತದೆ. ಈ ಅಂತರಕ್ಕೆ ಟ್ರೇಲ್ ಎಂದು ಹೆಸರು. ಆಸ್ಪತ್ರೆಯ ಮಂಚದ ಕಾಲಿನ ಪುಟ್ಟ ಚಕ್ರವು ಎಳೆದ ದಿಕ್ಕಿಗೆ ತಾನೇ ಹೊಂದಿಕೊಳ್ಳುವುದು ಇದರಿಂದಲೇ. ಫೋರ್ಕಿನ ಬಾಗು ಟ್ರೇಲನ್ನು ಕಡಿಮೆಮಾಡುತ್ತದೆ, ಹೆಚ್ಚಿಸುವುದಿಲ್ಲ. ನಮ್ಮ ಹಳೆಯ ಸೈಕಲ್ಲಿನ ಗಾಲಿಯ ತ್ರಿಜ್ಯ 357 ಮಿಲಿಮೀಟರ್, ಫೋರ್ಕಿನ ಓರೆ 68 ಡಿಗ್ರಿ, ಬಾಗು 75 ಮಿಲಿಮೀಟರ್ ಎಂದು ಭಾವಿಸಿದರೆ ಟ್ರೇಲ್ ಸುಮಾರು 63 ಮಿಲಿಮೀಟರ್ ಆಗುತ್ತದೆ. ಪಂದ್ಯದ ಸೈಕಲ್ಲಿಗೆ ಕ್ರಮವಾಗಿ 336, 73, 45 ಎಂದು ಇಟ್ಟರೆ ಸುಮಾರು 56. ಬಾಗಿನಲ್ಲಿ ಅಷ್ಟು ಅಂತರವಿದ್ದರೂ ಫಲದಲ್ಲಿ ಅಂತರವು ಅಲ್ಪ; ಓರೆಯೂ ಬಾಗೂ ಒಂದನ್ನೊಂದು ಸರಿದೂಗಿಸುತ್ತವೆ.

ಇದರ ಗಣಿತವನ್ನು 1899ರಲ್ಲಿ ವಿಪ್ಪಲ್ ಎಂಬ ವಿದ್ವಾಂಸನು ರಚಿಸಿದನು. 1970ರಲ್ಲಿ ಡೇವಿಡ್ ಜೋನ್ಸ್ ಫೋರ್ಕನ್ನು ಹಿಂದುಮುಂದಾಗಿ ತಿರುಗಿಸಿ ನೋಡಿದಾಗ, ಟ್ರೇಲ್ ಹೆಚ್ಚಿದ ಆ ಸೈಕಲ್ಲು ಬೀಳುವ ಬದಲು ಅಚ್ಚರಿಯಾಗುವಷ್ಟು ಸ್ಥಿರವಾಗಿ ಓಡಿತು. ಹಾಗೆಂದು ಟ್ರೇಲೇ ಸರ್ವಸ್ವವೆನ್ನಲೂ ಬರುವುದಿಲ್ಲ. 2011ರಲ್ಲಿ ಕೂಯ್‌ಮನ್ ಮತ್ತು ಸಂಗಡಿಗರು ಟ್ರೇಲಿನ ನೆರವಾಗಲಿ ಗಾಲಿಯ ಭ್ರಮಣದ ನೆರವಾಗಲಿ ಇಲ್ಲದೆ ತಾನೇ ನೆಟ್ಟಗೆ ಓಡುವ ದ್ವಿಚಕ್ರವನ್ನು ಮಾಡಿ ತೋರಿಸಿದರು. ಭಾರವು ಎಲ್ಲಿ ಹಂಚಿದೆ ಎಂಬುದೂ ಅಷ್ಟೇ ಮುಖ್ಯವೆಂಬುದು ಇದರಿಂದ ಸಿದ್ಧವಾಯಿತು.

ಇನ್ನು ಅಂಗಡಿಯ ಮಾತು. ಕರ್ನಾಟಕ ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡುವ ಯೋಜನೆಯನ್ನು ಆರಂಭಿಸಿದ ಮೇಲೆ ಹಳ್ಳಿಯ ಎಷ್ಟೋ ಹುಡುಗ ಹುಡುಗಿಯರು ಸವಾರರಾದರು. ಸೈಕಲ್ಲು ಎದುರಿಗೆ ಗುದ್ದಿದಾಗ ಫೋರ್ಕು ಹಿಂದಕ್ಕೆ ಸರಿಯುತ್ತದೆ. ಅದನ್ನು ಎಳೆದು ಕಣ್ಣಳತೆಯಲ್ಲಿ ನೇರಮಾಡಿಕೊಡುವ ವಾಡಿಕೆಯುಂಟು. ಮೇಲಿನ ಹಳೆಯ ಮಾದರಿಯ ಲೆಕ್ಕದಲ್ಲಿಯೇ, ಓರೆಯು ಬದಲಾಗದೆ ಬಾಗು 20 ಮಿಲಿಮೀಟರ್ ಕಡಿಮೆಯಾಗಿ ಉಳಿದರೆ ಟ್ರೇಲ್ 85ಕ್ಕೆ ಏರುತ್ತದೆ. ಗಾಲಿಯು ಕಾಲ್ಬೆರಳಿಗೆ ಹತ್ತಿರವಾಗುತ್ತದೆ. ಮತ್ತೆ ಮತ್ತೆ ಬಾಗಿಸಿದ ಉಕ್ಕು ದುರ್ಬಲವಾಗಿ ಒಂದು ದಿನ ಮುರಿಯಲೂಬಹುದು. ಅಂಥ ಫೋರ್ಕನ್ನು ಬದಲಿಸುವುದೇ ಕ್ಷೇಮ. ಆದರೆ ಸವಾರನಿಗೆ ಈ ದೋಷವು ಕೂಡಲೆ ತಿಳಿಯದಿರುವುದಕ್ಕೆ ಕಾರಣವಿದೆ. ಚಿಂಚೋಳಿಯ ಇಳಿಜಾರಿನಲ್ಲಿ ವೇಗವಾಗಿ ಬರುವಾಗ ಹೆಚ್ಚಿನ ಟ್ರೇಲ್ ಹ್ಯಾಂಡಲ್ಲನ್ನು ಗಟ್ಟಿಯಾಗಿ ಹಿಡಿದಂತೆ ತೋರುತ್ತದೆ. ಅದೇ ಸೈಕಲ್ಲು ಶಹಾಬಾದದ ಸಂತೆಯ ಜನಸಂದಣಿಯಲ್ಲಿ, ಹ್ಯಾಂಡಲ್ಲಿಗೆ ಚೀಲವನ್ನು ತೂಗುಹಾಕಿಕೊಂಡು ನಿಧಾನವಾಗಿ ಸಾಗುವಾಗ, ಮುಂಗಾಲಿಯನ್ನು ಒಂದು ಪಕ್ಕಕ್ಕೆ ಬೀಳಿಸಿ ಕೈಯನ್ನು ಎಳೆಯುತ್ತದೆ.