ಮೂರು ತಲೆಮಾರು ಕುರ್ಚಿ, ಬೆನ್ನು ಬಿಡದ ಜಾತಿ



ಏಪ್ರಿಲ್ 5 ಬಂದ್ರೆ ನಮ್ಮ ಸರ್ಕಾರಿ ಕಚೇರಿಗಳಲ್ಲಿ ಬಾಬು ಜಗಜೀವನ ರಾಂ ಅವರ ಫೋಟೋಗೆ ಹಾರ ಬೀಳುತ್ತೆ. "ಹಸಿರು ಕ್ರಾಂತಿಯ ಹರಿಕಾರ" ಅಂತ ಎರಡು ಮಾತಾಡಿ ಟೀ ಕುಡಿದು ಎದ್ದು ಹೋಗ್ತಾರೆ. ಗುಮಾಸ್ತನಾಗಿ ಅಲ್ಲೇ ನಿಂತಿರೋ ನನ್ನ ಕಿವಿಗೆ ಇನ್ನೊಂದು ಮಾತೂ ಬೀಳುತ್ತೆ: "ಇವರದ್ದೂ ಕುಟುಂಬ ರಾಜಕಾರಣವೇ ಅಲ್ವಾ?"

ಹೌದು. ಅಪ್ಪ, ಮಗಳು, ಮೊಮ್ಮಗ, ಮೂರು ತಲೆಮಾರು. ಆದರೆ ಕಥೆ ಪೂರ್ತಿ ಕೇಳಿ ಆಮೇಲೆ ತೂಗಿ.

ಬಾಬೂಜಿ ಹುಟ್ಟಿದ್ದು 1908ರಲ್ಲಿ, ಬಿಹಾರದ ಆರಾ ಪಕ್ಕದ ಚಂದ್ವಾದಲ್ಲಿ, ಚಮಾರ ಸಮುದಾಯದಲ್ಲಿ. ಶಾಲೆಯಲ್ಲಿ ದಲಿತ ಮಕ್ಕಳಿಗೆ ಅಂತ ಬೇರೆ ನೀರಿನ ಮಡಕೆ ಇಟ್ಟಾಗ ಒಡೆದು ಹಾಕಿದರು. ಮತ್ತೆ ಇಟ್ಟರು, ಮತ್ತೆ ಒಡೆದರು. ಕೊನೆಗೆ ಆ ಮಡಕೆಯನ್ನೇ ತೆಗೆಸಬೇಕಾಯ್ತು. ಅದೇ ಹುಡುಗ 1946ರ ಮಧ್ಯಂತರ ಸರ್ಕಾರದಲ್ಲಿ ಅತಿ ಕಿರಿಯ ಮಂತ್ರಿ. 1952ರಿಂದ 1986ರಲ್ಲಿ ತೀರಿಕೊಳ್ಳುವವರೆಗೂ ಲೋಕಸಭಾ ಸದಸ್ಯ. 1971ರ ಯುದ್ಧದ ಹೊತ್ತಿಗೆ ರಕ್ಷಣಾ ಮಂತ್ರಿ.

ಇಷ್ಟಾದ ಮೇಲೂ ಏನಾಯ್ತು ನೋಡಿ. 1977ರಲ್ಲಿ ಜನತಾ ಪಕ್ಷ ಗೆದ್ದಾಗ ಪ್ರಧಾನಿ ಸ್ಥಾನಕ್ಕೆ ಇವರ ಹೆಸರೂ ಇತ್ತು, ಕುರ್ಚಿ ಮೊರಾರ್ಜಿ ದೇಸಾಯಿಗೆ ಹೋಯ್ತು. 1979ರಲ್ಲಿ ಚರಣ್ ಸಿಂಗ್ ರಾಜೀನಾಮೆ ಕೊಟ್ಟಾಗಲೂ ಇವರನ್ನು ಕರೆಯಲಿಲ್ಲ, ಲೋಕಸಭೆಯನ್ನೇ ವಿಸರ್ಜಿಸಿದರು. 1978ರಲ್ಲಿ ವಾರಾಣಸಿಯಲ್ಲಿ ಸಂಪೂರ್ಣಾನಂದರ ಪ್ರತಿಮೆಯನ್ನು ಬಾಬೂಜಿ ಅನಾವರಣ ಮಾಡಿದ್ದಕ್ಕೆ ಅದನ್ನು ಗಂಗಾಜಲದಲ್ಲಿ ತೊಳೆದರು. ದೇಶದ ಸೈನ್ಯ ಇವರ ಕೈಯಲ್ಲಿ, ಕೈ ಮಾತ್ರ ಮೈಲಿಗೆ!

ಮಗಳು ಮೀರಾ ಕುಮಾರ್ ವಿದೇಶಾಂಗ ಸೇವೆ ಬಿಟ್ಟು ಬಂದವರು. 1985ರ ಬಿಜ್ನೋರ್ ಉಪಚುನಾವಣೆಯಲ್ಲಿ ಗೆದ್ದರು. ಸೋತವರು ಯಾರು ಗೊತ್ತಾ? ರಾಮ್ ವಿಲಾಸ್ ಪಾಸ್ವಾನ್, ಮಾಯಾವತಿ. ಒಂದು ಮೀಸಲು ಸೀಟಿಗೆ ಮೂವರು ದಲಿತ ನಾಯಕರು ಪರಸ್ಪರ ಹೊಡೆದಾಡಬೇಕಾಯ್ತು. ಮೀರಾ 2009ರಲ್ಲಿ ಲೋಕಸಭೆಯ ಮೊದಲ ಮಹಿಳಾ ಸ್ಪೀಕರ್ ಆದರು. 2017ರಲ್ಲಿ ರಾಷ್ಟ್ರಪತಿ ಚುನಾವಣೆಗೆ ನಿಂತು ರಾಮನಾಥ ಕೋವಿಂದ್ ಎದುರು ಸೋತರು. ಆಗ ಟಿವಿಯವರಿಗೆ ಕಂಡಿದ್ದು "ದಲಿತ ವರ್ಸಸ್ ದಲಿತ" ಅಷ್ಟೇ. ಮೊಮ್ಮಗ ಅಂಶುಲ್ ಅವಿಜಿತ್ 2024ರಲ್ಲಿ ಮೀಸಲಲ್ಲದ ಪಾಟ್ನಾ ಸಾಹಿಬ್‌ನಲ್ಲಿ ನಿಂತು ಸೋತರು.

ಹಾಗಂತ ಬಾಬೂಜಿಯನ್ನು ಪ್ರಶ್ನೆ ಮಾಡಬಾರದು ಅಂತಲ್ಲ. 1975ರಲ್ಲಿ ತುರ್ತು ಪರಿಸ್ಥಿತಿಗೆ ಲೋಕಸಭೆಯ ಒಪ್ಪಿಗೆ ಕೇಳುವ ನಿರ್ಣಯ ಮಂಡಿಸಿದ್ದು ಇವರೇ. 1977ರ ಮೇ ತಿಂಗಳಲ್ಲಿ ಇವರು ಕೇಂದ್ರ ಮಂತ್ರಿ ಆಗಿದ್ದಾಗಲೇ ಇವರದೇ ಬಿಹಾರದ ಬೆಲ್ಚಿಯಲ್ಲಿ 11 ಜನರನ್ನು ಕೊಂದು ಬೆಂಕಿಗೆ ಹಾಕಿದರು, ಅವರಲ್ಲಿ ಹೆಚ್ಚಿನವರು ನಮ್ಮವರು. ಒಂದು ಮನೆ ಮೇಲೆ ಬಂದ್ರೆ ಕೇರಿ ಮೇಲೆ ಬಂದ ಹಾಗಲ್ಲ. ಈ ಮಾತನ್ನು ನಮ್ಮ ಮೀಸಲು ಕ್ಷೇತ್ರಗಳ ಕುಟುಂಬಗಳಿಗೂ ನಾನು ಹೇಳ್ತೀನಿ.

ಆದರೆ ಮೇಲ್ಜಾತಿ ಮನೆತನಗಳ ಜೊತೆ ಇವರನ್ನು ಒಂದೇ ತಕ್ಕಡಿಗೆ ಹಾಕಬೇಡಿ. ಅವರ ಮಕ್ಕಳಿಗೆ ಕುರ್ಚಿಯ ಜೊತೆ ಜಮೀನು, ಮಠ, ಜಾತಿ ಬಲ ಎಲ್ಲಾ ಬರುತ್ತೆ. ನಮ್ಮವರಿಗೆ ಕುರ್ಚಿ ಸಿಕ್ಕರೂ ಗಂಗಾಜಲದ ಚೊಂಬು ಹಿಂದೆಯೇ ಬರುತ್ತೆ.

ಮುಂದಿನ ಏಪ್ರಿಲ್ 5ಕ್ಕೆ ಹಾರ ಹಾಕುವಾಗ ಒಡೆದ ಮಡಕೆಯ ಕಥೆಯನ್ನೂ ಮಕ್ಕಳಿಗೆ ಹೇಳಿ.

ಜೈ ಭೀಮ್.